ಹವಳದ ಗೋಡೆ, ಆಳ ಮಾಡಿದ ಬಾವಿ

ಗೇಡೆ ಅನ್ನೋ ಪಾಳು ಊರಲ್ಲಿ ಗೋಡೆಗೆ ಕೈ ಊರಿ ನಿಂತ್ಕೊಂಡ್ರೆ ಅಂಗೈ ತರಚುತ್ತೆ, ಅಷ್ಟು ಒರಟು. ಕಣ್ಣು ಹತ್ರ ಇಟ್ಟು ನೋಡಿದ್ರೆ ಕಲ್ಲೊಳಗೆ ಸಣ್ಣ ಸಣ್ಣ ನಕ್ಷತ್ರದಂಥ ಗುರುತು, ಅಲ್ಲಲ್ಲಿ ಚಿಪ್ಪಿನ ಚೂರು. ಸುಮಾರು 1,25,000 ವರ್ಷದ ಹಿಂದೆ ಸಮುದ್ರದ ಮಟ್ಟ ಈಗಿನದಕ್ಕಿಂತ ಮೇಲಿದ್ದಾಗ ಬೆಳೆದ ಹವಳದ ದಿಬ್ಬ ಇದು, ಆಮೇಲೆ ನೀರು ಇಳಿದು ನೆಲವಾಗಿ ಉಳ್ಕೊಂಡಿತು, ಅದನ್ನೇ ಅಗೆದು ಪೂರ್ವ ಆಫ್ರಿಕಾ ಕರಾವಳಿಯ ಸ್ವಾಹಿಲಿ ಜನ ಊರು ಕಟ್ಟಿದ್ರು.

ಜಾಗ ಕೀನ್ಯಾದಲ್ಲಿ, ಮಾಲಿಂದಿ ಅನ್ನೋ ಬಂದರು ಊರಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರ್ ಆಗಬಹುದು, ಕಾಡಿನ ಒಳಗೆ. ಗೋಡೆಗೆ ಹಾಕಿರೋ ಸುಣ್ಣವೂ ಹವಳ ಸುಟ್ಟು ಮಾಡಿದ್ದೇ. ನಮ್ಮ ಕರಾವಳಿಲಿ ಚಿಪ್ಪು ಸುಟ್ಟು ಸುಣ್ಣ ಮಾಡೋದು ನೋಡಿರೋರಿಗೆ ಇದು ಹೊಸದಲ್ಲ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತೆ, ನೀರು ಹಾಕಿ ಅರಳಿಸಿ ಬಳಿದ್ರೆ ಗಾಳಿಯಿಂದ ಅದೇ ಅನಿಲನ ವಾಪಸ್ ಎಳ್ಕೊಂಡು ಮತ್ತೆ ಕಲ್ಲಾಗುತ್ತೆ.

ಅರಮನೆ ಅನ್ನೋ ಕಟ್ಟಡದಲ್ಲೂ ರೂಮುಗಳು ರೈಲು ಬೋಗಿ ಥರ, ಉದ್ದ ಇದೆ ಅಗಲ ಇಲ್ಲ. ಜಿಪುಣತನ ಅಂದ್ಕೊಂಡಿದ್ದೆ. ಕಾರಣ ಕಾಂಡ್ಲಾ, ಅಂದ್ರೆ ಮ್ಯಾಂಗ್ರೋವ್ ಮರ! ಚಾವಣಿಯ ಭಾರ ಹೊರೋ ತೊಲೆ ಅದರದ್ದೇ, ಗಟ್ಟಿಯಾದ ನೇರವಾದ ತುಂಡು ಎರಡೂವರೆ ಮೀಟರ್ ಮೇಲೆ ಅಷ್ಟು ಸುಲಭಕ್ಕೆ ಸಿಗಲ್ಲ, ಹಾಗಾಗಿ ದುಡ್ಡು ಎಷ್ಟೇ ಇರಲಿ ಕೋಣೆಯ ಅಗಲ ಮರದ ಲೆಕ್ಕಕ್ಕೇ.

ದುಡ್ಡಂತೂ ಇತ್ತು. 1948ರಿಂದ ಇಲ್ಲಿ ಉತ್ಖನನ ಮಾಡಿದ ಜೇಮ್ಸ್ ಕರ್ಕ್‌ಮನ್ ಮನೆಗಳಿಗೆ ಅಲ್ಲಿ ಸಿಕ್ಕಿದ ವಸ್ತುವಿನ ಹೆಸರೇ ಇಟ್ರು, ಕತ್ತರಿ ಮನೆ, ಚೀನಿ ನಾಣ್ಯದ ಮನೆ, ಕಬ್ಬಿಣದ ದೀಪದ ಮನೆ ಹೀಗೆ. ಚೀನಾದ ಪಿಂಗಾಣಿ ಚೂರುಗಳು ಬೇರೆ. ಒಂದು ಸಮಾಧಿ ಮೇಲೆ ಹಿಜರಿ 802 ಅಂತ ಕೆತ್ತಿದ್ದಾರೆ, ಅಂದ್ರೆ 1399. ಇಷ್ಟೆಲ್ಲಾ ಇದ್ದ ಊರು ಪೋರ್ಚುಗೀಸರ ದಾಖಲೆಯಲ್ಲಿ ಇಲ್ಲವೇ ಇಲ್ಲ, ವಾಸ್ಕೋ ಡ ಗಾಮ 1498ರಲ್ಲಿ ಪಕ್ಕದ ಮಾಲಿಂದಿಯಲ್ಲೇ ಲಂಗರು ಹಾಕಿ, ಅಲ್ಲಿಂದ ದಾರಿ ತೋರಿಸೋನನ್ನ ಹತ್ತಿಸ್ಕೊಂಡು ಕಲ್ಲಿಕೋಟೆಗೆ ಬಂದಿದ್ದ ಅನ್ನೋದು ನೆನಪಿರಲಿ. ಗೇಡೆ ಇರೋದು ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ, ಹಡಗಿನಿಂದ ಕಾಣ್ತಿರಲಿಲ್ಲ ಅನ್ನೋದು ಬಿಟ್ರೆ ನನಗೆ ಬೇರೆ ವಿವರಣೆ ಹೊಳೀತಿಲ್ಲ.

ಹದಿನೇಳನೇ ಶತಮಾನದ ಶುರುವಿನಲ್ಲಿ ಊರು ಖಾಲಿ. ಉತ್ತರದಿಂದ ಒರೊಮೊ ಜನರ ಒತ್ತಡ ಇತ್ತು, 1589ರಲ್ಲಿ ಕರಾವಳಿ ಮೇಲೆ ಜಿಂಬಾ ಅನ್ನೋ ಯೋಧರ ಗುಂಪಿನ ದಾಳಿ ಆಗಿತ್ತು. ಕರ್ಕ್‌ಮನ್ ಮಾತ್ರ ದೊಡ್ಡ ಮಸೀದಿ ಪಕ್ಕದ ಬಾವಿ ಕಡೆ ಬೆರಳು ತೋರಿಸಿದ್ರು, ಊರಿನವರು ಅದನ್ನ ಒಮ್ಮೆ ತೋಡಿ ಆಮೇಲೆ ಇನ್ನೂ ಆಳ ಮಾಡಿದ್ರು, ಅಂದ್ರೆ ನೀರು ಕೆಳಗೆ ಹೋಗ್ತಿತ್ತು. ಹವಳದ ಕಲ್ಲು ಜಾಲರಿ ಇದ್ದ ಹಾಗೆ, ಮಳೆ ನೀರು ನಿಲ್ಲಲ್ಲ, ಇಳಿದು ಕೆಳಗಿರೋ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲ್ತಾ ನಿಲ್ಲುತ್ತೆ, ಜಾಸ್ತಿ ಸೇದಿದ್ರೆ ಉಪ್ಪು ಮೇಲೆ ಬರುತ್ತೆ. ಬರೀ ಬಾವಿಗೋಸ್ಕರ ಇಡೀ ಊರು ಎದ್ದುಹೋಯ್ತು ಅಂದ್ರೆ ನಾನಂತೂ ಪೂರ್ತಿ ನಂಬಲ್ಲ, ಆದ್ರೆ ಭಯಾನೂ ಇದ್ದು ನೀರೂ ಸಿಗದೆ ಹೋದ್ರೆ ಯಾರು ಇರ್ತಾರೆ.

2024ರಲ್ಲಿ ದೆಹಲಿಯಲ್ಲಿ ನಡೆದ ಸಭೆಯಲ್ಲೇ ಯುನೆಸ್ಕೋ ಇದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ನಾನು ಆ ಬಾವಿಗೆ ಬಗ್ಗಿ ನೋಡ್ತಿರೋವಾಗ ಹಿಂದಿನಿಂದ ಒಂದು ಕೋತಿ ಬಂದು ಬ್ಯಾಗಿನ ಬಾಳೆಹಣ್ಣು ಎತ್ಕೊಂಡು ಹೋಯ್ತು, ಮಸೀದಿ ಗೋಡೆ ಮೇಲೆ ಕೂತು ಸಿಪ್ಪೆ ಸುಲೀತಿತ್ತು.