ಲೇಔಟಿಗೆ ಮೊದಲು ನೆಲ ನೋಡುವವರು ಯಾರು?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೊಲವೊಂದು ಲೇಔಟ್ ಆಗಬೇಕಾದರೆ ಭೂ ಪರಿವರ್ತನೆಯ ಕಡತ ಹಲವು ಮೇಜುಗಳನ್ನು ದಾಟಬೇಕು. ಪಹಣಿ, ಸರ್ವೆ ನಕ್ಷೆ, ಯೋಜನಾ ಪ್ರಾಧಿಕಾರದ ಅಭಿಪ್ರಾಯ ಎಲ್ಲವೂ ಅದರೊಳಗೆ ಸೇರುತ್ತವೆ. ಆದರೆ ಹತ್ತಿರದಲ್ಲಿ ಸಂರಕ್ಷಿತ ಸ್ಮಾರಕವಿಲ್ಲದಿದ್ದರೆ, ಈ ಮಣ್ಣಿನಡಿ ಹಳೆಯ ಊರೇನಾದರೂ ಇದೆಯೇ ಎಂದು ಯಾರೂ ಕೇಳುವುದಿಲ್ಲ.

ಕೇಳದಿರುವುದಕ್ಕೆ ಕಾರಣ ನಮ್ಮ ಕಾನೂನು ಬೆಳೆದುಬಂದ ರೀತಿಯಲ್ಲಿದೆ. 1878ರ ನಿಧಿ ಕಾಯ್ದೆ ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತುವನ್ನು ಕಲೆಕ್ಟರರಿಗೆ ತಿಳಿಸಬೇಕೆಂದಿತು. ಅಂದರೆ ಅಗೆದು ಸಿಕ್ಕ ಮೇಲಿನ ಮಾತು. 1958ರ ಕೇಂದ್ರ ಕಾಯ್ದೆಯೂ 1961ರ ರಾಜ್ಯ ಕಾಯ್ದೆಯೂ ಪಟ್ಟಿಗೆ ಸೇರಿದ ಸ್ಮಾರಕ ಮತ್ತು ಪುರಾತತ್ವ ನೆಲೆಗಳನ್ನು ಕಾಯಲು ಹುಟ್ಟಿದವು. 1992ರ ಅಧಿಸೂಚನೆಯಲ್ಲಿ ಬಂದು 2010ರ ತಿದ್ದುಪಡಿಯಲ್ಲಿ ಗಟ್ಟಿಯಾದ ನಿಯಮದಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಳತೆ ಶುರುವಾಗುವುದು ಗುಡಿಯಿಂದ, ಊರಿನಿಂದಲ್ಲ.

ಹಳೇಬೀಡಿನಲ್ಲಿ ಇದರ ಇಕ್ಕಟ್ಟು ಕಣ್ಣಿಗೇ ಕಾಣುತ್ತದೆ. ಹೊಯ್ಸಳೇಶ್ವರ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ದೋರಸಮುದ್ರವೆಂದರೆ, ಅಂದರೆ ಅಂದಿನ ಹಳೇಬೀಡೆಂದರೆ, ಒಂದು ದೇವಾಲಯವಲ್ಲ, ಕೋಟೆಗೋಡೆ, ಕೆರೆ, ಬಸದಿ, ಕೇರಿಗಳಿದ್ದ ಹೊಯ್ಸಳರ ರಾಜಧಾನಿ. ಅದರ ಮೇಲೇ ಇಂದಿನ ಊರೂ ಹೊಲಗಳೂ ಹಬ್ಬಿವೆ. ಅಲ್ಲಿನ ನಗರೇಶ್ವರದ ದಿಬ್ಬವನ್ನು ಅಗೆದಾಗ ದೇವಾಲಯಗಳ ತಳಪಾಯಗಳೂ ಶಿಲ್ಪಗಳೂ ಹೊರಬಂದವು.

ಹಾಗೆಂದು ಈ ನಾಡಿನಲ್ಲಿ ಪುರಾತತ್ವದ ಸರ್ವೆಯೇ ನಡೆದಿಲ್ಲವೆನ್ನಲಾಗದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು 1901ರಲ್ಲಿ ಆಗಿನ ಕಡೂರು ಜಿಲ್ಲೆಯ, 1902ರಲ್ಲಿ ಹಾಸನ ಜಿಲ್ಲೆಯ ಶಾಸನ ಸಂಪುಟಗಳನ್ನು ಹೊರತಂದಾಗ, ಕಲ್ಲು ಯಾವ ಊರಿನಲ್ಲಿ, ಕೆರೆಏರಿಯ ಮೇಲೋ ಹೊಲದಲ್ಲೋ ಎಂಬುದನ್ನೂ ದಾಖಲಿಸಿದರು. ಆದರೆ ಅಕ್ಷರವಿಲ್ಲದ ಕಲ್ಲಿಗೆ, ಮಡಕೆ ಚೂರಿಗೆ ಆ ಸಂಪುಟಗಳಲ್ಲಿ ಜಾಗವಿರಲಿಲ್ಲ. ಅಕ್ಷರವಿದ್ದ ಕಲ್ಲುಗಳೂ ಎಲ್ಲ ಸಿಕ್ಕಿರಲಿಲ್ಲವೆಂಬುದಕ್ಕೆ, 1936ರಲ್ಲಿ ಅದೇ ಇಲಾಖೆಯ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಗುರುತಿಸಿದ ಶಾಸನವೇ ಸಾಕ್ಷಿ.

ಕೆಲಸ ಶುರುವಾಗುವ ಮೊದಲೇ ನೆಲ ಶೋಧಿಸುವ ಪದ್ಧತಿ ದೇಶಕ್ಕೆ ಹೊಸದಲ್ಲ. ನಾಗಾರ್ಜುನಸಾಗರ ಅಣೆಕಟ್ಟಿನ ನೀರಿನಡಿ ಹೋಗಲಿದ್ದ, ಆಂಧ್ರದ ಪ್ರಾಚೀನ ಬೌದ್ಧ ನೆಲೆ ನಾಗಾರ್ಜುನಕೊಂಡದಲ್ಲಿ 1954ರಿಂದ ಆರು ವರ್ಷ ಉತ್ಖನನ ನಡೆಯಿತು. ಖಾಸಗಿ ಬಡಾವಣೆಗೆ ಆ ಶಿಸ್ತು ಇಳಿದು ಬರಲೇ ಇಲ್ಲ. 2006ರ ಪರಿಸರ ಅಧಿಸೂಚನೆ 20,000 ಚದರ ಮೀಟರಿಗೂ ಮೀರಿದ ಕಟ್ಟಡಗಳ, 50 ಹೆಕ್ಟೇರಿಗೂ ಮೀರಿದ ಬಡಾವಣೆಗಳ ಅರ್ಜಿಯಲ್ಲಿ ಸಾಂಸ್ಕೃತಿಕ ತಾಣಗಳ ಮಾತೆತ್ತುತ್ತದೆ ನಿಜ. ಆದರೆ ನಮ್ಮ ಕಡೆ ಮೂರು-ನಾಲ್ಕು ಎಕರೆಯ ಲೇಔಟುಗಳೇ ಹೆಚ್ಚು.

ಮೊದಲ ಹಂತದ ಶೋಧನೆ ಅಂಥ ದುಬಾರಿಯದೂ ಅಲ್ಲ. ಉತ್ತು ಒಂದು ಮಳೆ ಬಿದ್ದ ಹೊಲದಲ್ಲಿ ಬಲ್ಲವರು ಇಬ್ಬರು ಸಾಲು ಹಿಡಿದು ನಡೆದರೆ, ಕಪ್ಪು-ಕೆಂಪು ಮಡಕೆಯ ಚೂರು, ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ, ಸುತ್ತಲಿನ ಮಣ್ಣಿಗಿಂತ ಬೂದಿ ಬಣ್ಣಕ್ಕೆ ತಿರುಗಿದ ಪಟ್ಟೆ ಕಣ್ಣಿಗೆ ಬೀಳುತ್ತವೆ. ‘ಹಾಳೂರು’ ಎಂಬಂಥ ಹೊಲದ ಹೆಸರೂ, ಕಂದಾಯ ದಾಖಲೆಯ ಬೇಚರಾಕ್ (ಜನವಸತಿಯಿಲ್ಲದ) ಗ್ರಾಮಗಳೂ ಎಲ್ಲಿ ನೋಡಬೇಕೆಂದು ಮೊದಲೇ ಹೇಳುತ್ತವೆ. ಜೆಸಿಬಿ ಬಂದ ಮೇಲೆ ಇವೆಲ್ಲ ರಸ್ತೆಗೆ ಹಾಕುವ ಮಣ್ಣಾಗುತ್ತವೆ. ಬಕೆಟ್ಟಿಗೆ ಸಿಕ್ಕ ವೀರಗಲ್ಲು ಒಡೆಯದೆ ಉಳಿದರೆ ಅದನ್ನು ಲೇಔಟಿನ ಮೂಲೆಯಲ್ಲಿ ನಿಲ್ಲಿಸಿ ಅರಿಶಿನ-ಕುಂಕುಮ ಹಚ್ಚುವುದುಂಟು. ಅದು ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಅಡಿ ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತೆಂಬುದನ್ನು ಬರೆದಿಡುವವರು ಅಷ್ಟರಲ್ಲಿ ಅಲ್ಲಿರುವುದಿಲ್ಲ.