ಎಲ್ಲರೂ ಸಂಜೆಯೇ ಆಡುತ್ತಾರೆ

2023ರ ಜನವರಿ 18ರಂದು ಗೂಗಲ್ ತನ್ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾವನ್ನು ಮುಚ್ಚಿತು. ಅದರ ಅಂಗಡಿಯಲ್ಲಿ ಆಟಗಳನ್ನು ಕೊಂಡವರಿಗೆಲ್ಲ ಹಣ ಮರಳಿತು, ಗೂಗಲ್‌ನಿಂದಲೇ ಖರೀದಿಸಿದ ಕಂಟ್ರೋಲರ್‌ನ ಬೆಲೆಯೂ ಮರಳಿತು. ಸೋತ ಸೇವೆಯೊಂದು ಇಷ್ಟು ಮರ್ಯಾದೆಯಿಂದ ಲೆಕ್ಕ ಚುಕ್ತಾ ಮಾಡಿ ಹೋದದ್ದು ಅಪರೂಪ. ತಂತ್ರಜ್ಞಾನ ಕೈಕೊಟ್ಟಿರಬೇಕು ಎಂದೇ ಹೊರಗಿನಿಂದ ನೋಡಿದವರು ಊಹಿಸಿದರು. ಆದರೆ ಒಳ್ಳೆಯ ಇಂಟರ್ನೆಟ್ ಸಂಪರ್ಕ ಇದ್ದವರ ಮನೆಯಲ್ಲಿ ಸ್ಟೇಡಿಯಾ ಚೆನ್ನಾಗಿಯೇ ಓಡುತ್ತಿತ್ತು.

ಕ್ಲೌಡ್ ಗೇಮಿಂಗ್‌ನಲ್ಲಿ ಆಟ ನಡೆಯುವುದು ಆಟಗಾರನ ಮನೆಯಲ್ಲಲ್ಲ, ದೂರದ ದತ್ತಾಂಶ ಕೇಂದ್ರದ ಒಂದು ಸರ್ವರ್‌ನಲ್ಲಿ. ಆಟಗಾರ ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಓಡಬೇಕು. ಅಲ್ಲಿನ ಗ್ರಾಫಿಕ್ಸ್ ಚಿಪ್ ಮುಂದಿನ ಚಿತ್ರವನ್ನು ಬಿಡಿಸಬೇಕು. ಆ ಚಿತ್ರವನ್ನು ವಿಡಿಯೋ ರೂಪಕ್ಕೆ ಕುಗ್ಗಿಸಿ ಕಳಿಸಬೇಕು. ಮನೆಯ ಪರದೆ ಅದನ್ನು ಬಿಚ್ಚಿ ತೋರಿಸಬೇಕು. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದಕ್ಕೆ ಸಿಗುವ ಅವಧಿ 17 ಮಿಲಿಸೆಕೆಂಡ್‌ಗೂ ಕಡಿಮೆ. ಸಿನಿಮಾ ತೋರಿಸುವ ಸೇವೆಗಳು ಮುಂದಿನ ಹಲವು ಸೆಕೆಂಡುಗಳ ದೃಶ್ಯವನ್ನು ಮೊದಲೇ ತಂದಿಟ್ಟುಕೊಂಡು ಜಾಲದ ಏರಿಳಿತವನ್ನು ಮರೆಮಾಚುತ್ತವೆ. ಆಟಕ್ಕೆ ಆ ಸೌಲಭ್ಯವಿಲ್ಲ. ಆಟಗಾರ ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಎಂಬುದು ಅವನು ತಿರುಗುವವರೆಗೂ ಯಾರಿಗೂ ಗೊತ್ತಿಲ್ಲ.

ಇಲ್ಲಿ ಕೊನೆಯ ಮಾತು ಬೆಳಕಿನದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ, ಅಂದರೆ ನಿರ್ವಾತದಲ್ಲಿನ ವೇಗದ ಮೂರನೇ ಎರಡು ಪಾಲು. ಸಾವಿರ ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ಭೂಗೋಳದ ಆಚೆ ಬದಿಗೆ, 20,000 ಕಿಲೋಮೀಟರ್ ದೂರ ಹೋಗಿ ಬರಲು 200. ಚಿತ್ರ ಬಿಡಿಸುವುದು, ಕುಗ್ಗಿಸುವುದು, ದಾರಿಯಲ್ಲಿನ ರೂಟರ್‌ಗಳಲ್ಲಿ ಕಾಯುವುದು ಇವೆಲ್ಲ ಇದರ ಮೇಲಿನ ಲೆಕ್ಕ. ಟಿವಿಗೆ ಜೋಡಿಸಿ ಆಡುವ ಮನೆಯ ಯಂತ್ರವಾದ ಕನ್ಸೋಲ್‌ನಲ್ಲೂ ಗುಂಡಿ ಒತ್ತಿ ಪರದೆ ಬದಲಾಗುವಷ್ಟರಲ್ಲಿ ಹತ್ತಾರು ಮಿಲಿಸೆಕೆಂಡ್ ಕಳೆಯುತ್ತವೆ, ಅದಕ್ಕೆ ಆಟಗಾರರ ಕೈ ಒಗ್ಗಿರುತ್ತದೆ. ಅದರ ಮೇಲೆ ಇನ್ನೊಂದಷ್ಟು ಸೇರಿದರೆ ನಿಧಾನದ ಆಟಗಳಲ್ಲಿ ತಿಳಿಯುವುದಿಲ್ಲ. ಗುಂಡಿನ ಕಾಳಗದಲ್ಲಿ ತಿಳಿಯುತ್ತದೆ. 2019ರಲ್ಲಿ ಗೂಗಲ್‌ನ ಎಂಜಿನಿಯರಿಂಗ್ ಮುಖ್ಯಸ್ಥರೊಬ್ಬರು, ಆಟಗಾರನ ಮುಂದಿನ ನಡೆಯನ್ನು ಊಹಿಸಿ ‘ಋಣಾತ್ಮಕ ವಿಳಂಬ’ ಸಾಧಿಸಬಹುದು ಎಂದಿದ್ದರು. ಊಹಿಸಿ ಲೆಕ್ಕ ಹಾಕುವ ತಂತ್ರಗಳು ನಿಜವಾಗಿಯೂ ಇವೆ, ಆದರೆ ಆ ಹೆಸರು ಕೇಳಿದವರು ನಕ್ಕದ್ದೇ ಹೆಚ್ಚು.

ಈ ದಾರಿಯಲ್ಲಿ ಗೂಗಲ್‌ಗಿಂತ ಮೊದಲೇ ನಡೆದು ಬಿದ್ದವರಿದ್ದರು. ಅಮೆರಿಕದ ಉದ್ಯಮಿ ಸ್ಟೀವ್ ಪರ್ಲ್‌ಮನ್ ಅವರ ಆನ್‌ಲೈವ್ 2010ರ ಜೂನ್‌ನಲ್ಲಿ ಆರಂಭವಾಯಿತು. ಆಡುವವರು ಬಂದೇ ಬರುತ್ತಾರೆಂದು ಸಾವಿರಾರು ಸರ್ವರ್‌ಗಳನ್ನು ಹಿಡಿದಿಟ್ಟುಕೊಂಡಿತ್ತು. ಬಂದವರು ಅದಕ್ಕೆ ಸಾಲುವಷ್ಟಿರಲಿಲ್ಲ. 2012ರ ಆಗಸ್ಟ್‌ನಲ್ಲಿ ಕಂಪನಿ ಕುಸಿಯಿತು, ಹೊಸ ಒಡೆತನದಲ್ಲಿ ಕುಂಟುತ್ತ ಸಾಗಿತು. 2015ರ ಏಪ್ರಿಲ್‌ನಲ್ಲಿ ಪೇಟೆಂಟ್‌ಗಳನ್ನು ಸೋನಿಗೆ ಮಾರಿ ಕಣ್ಮುಚ್ಚಿತು.

ಗೂಗಲ್‌ಗೆ ಸರ್ವರ್‌ಗಳ ಕೊರತೆಯಿಲ್ಲ ಎಂಬುದೇ ಎರಡನೆಯ ಪ್ರಯತ್ನದ ಧೈರ್ಯ. 2018ರ ಅಕ್ಟೋಬರ್‌ನಲ್ಲಿ ಅದು ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಎಂಬ ಭಾರೀ ಆಟವನ್ನು ಬರಿಯ ಕ್ರೋಮ್ ಬ್ರೌಸರ್‌ನಲ್ಲಿ ಓಡಿಸಿ ತೋರಿಸಿತು. 2019ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಸ್ಟೇಡಿಯಾವನ್ನು ಪ್ರಕಟಿಸಲು ಸುಂದರ್ ಪಿಚೈ ಅವರೇ ವೇದಿಕೆ ಹತ್ತಿದರು. ಅದರ ಸರ್ವರ್‌ಗಳಲ್ಲಿದ್ದ, ಚಿಪ್ ಕಂಪನಿ ಎಎಂಡಿ ತಯಾರಿಸಿದ 10.7 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯದ ಗ್ರಾಫಿಕ್ಸ್ ಚಿಪ್ ಅಂದಿನ ಎರಡು ಪ್ರಬಲ ಕನ್ಸೋಲ್‌ಗಳನ್ನು ಕೂಡಿಸಿದರೂ ಮೀರಿಸುವಂಥದು. ಕಂಟ್ರೋಲರ್ ವೈಫೈ ಮೂಲಕ ನೇರವಾಗಿ ದತ್ತಾಂಶ ಕೇಂದ್ರದೊಂದಿಗೇ ಮಾತಾಡುತ್ತಿತ್ತು. ನಡುವಿನ ಟಿವಿಯಿಂದಾಗುವ ವಿಳಂಬವನ್ನು ಕತ್ತರಿಸುವ ಈ ಜಾಣ್ಮೆ ಇಡೀ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. ನವೆಂಬರ್ 19ರಂದು 14 ದೇಶಗಳಲ್ಲಿ ಸೇವೆ ಶುರುವಾಯಿತು. 4ಕೆ ಗುಣಮಟ್ಟಕ್ಕೆ ಸೆಕೆಂಡಿಗೆ 35 ಮೆಗಾಬಿಟ್ ವೇಗ ಬೇಕಿತ್ತು. ಆ ವೇಗ ಪೂರ್ತಿ ಬಳಕೆಯಾದರೆ ಗಂಟೆಗೆ 15 ಜಿಬಿಗೂ ಹೆಚ್ಚು ಡೇಟಾ ಖರ್ಚು.

ಇದೆಲ್ಲಕ್ಕಿಂತ ಕಠಿಣವಾದ ತೊಡಕು ವೇದಿಕೆಯ ಮೇಲಿನ ಮಾತುಗಳಲ್ಲಿ ಬರಲಿಲ್ಲ. ವಿಡಿಯೋ ಸೇವೆ ರೈಲಿನಂತೆ. ಇನ್ನೊಬ್ಬ ಪ್ರಯಾಣಿಕ ಹತ್ತಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಒಮ್ಮೆ ಸಿದ್ಧಪಡಿಸಿದ ಕಡತವನ್ನು ಕೋಟಿ ಜನರಿಗೆ ನಕಲು ಮಾಡಿ ಕೊಟ್ಟರಾಯಿತು. ಆಟದಲ್ಲಿ ಒಬ್ಬನಿಗಾಗಿ ಬಿಡಿಸಿದ ಚಿತ್ರ ಇನ್ನೊಬ್ಬನ ಕೆಲಸಕ್ಕೆ ಬಾರದು. ಆಡುವಷ್ಟು ಹೊತ್ತೂ ದುಬಾರಿ ಗ್ರಾಫಿಕ್ಸ್ ಶಕ್ತಿಯ ಒಂದು ಪಾಲು ಅವನೊಬ್ಬನಿಗೇ ಮೀಸಲು.

ಕ್ಲೌಡ್ ವ್ಯವಹಾರ ಲಾಭಕರವಾಗುವುದು ಯಂತ್ರಗಳನ್ನು ಹಂಚಿಕೊಳ್ಳುವುದರಿಂದ: ಒಬ್ಬರು ಬಿಟ್ಟ ಯಂತ್ರವನ್ನು ಮತ್ತೊಬ್ಬರು ಹಿಡಿಯುತ್ತಾರೆ, ಹೀಗಾಗಿ ಕಡಿಮೆ ಯಂತ್ರಗಳಲ್ಲಿ ಹೆಚ್ಚು ಗಿರಾಕಿಗಳು. ಆದರೆ ಒಂದೇ ಪ್ರದೇಶದ ಜನ ಆಡುವುದು ಒಂದೇ ಹೊತ್ತಿಗೆ, ಕೆಲಸ ಮುಗಿಸಿದ ಸಂಜೆಗೆ, ವಾರಾಂತ್ಯಕ್ಕೆ, ಹೊಸ ಆಟ ಬಿಡುಗಡೆಯಾದ ದಿನಕ್ಕೆ. ಆ ನೂಕುನುಗ್ಗಲಿಗೆ ಸಾಲುವಷ್ಟು ಯಂತ್ರಗಳನ್ನು ಇಡಲೇಬೇಕು. ಬೆಳಗಿನ ಜಾವ ಅವು ಸುಮ್ಮನೆ ಕುಳಿತಿರುತ್ತವೆ. ಅವನ್ನು ಆ ಹೊತ್ತಿಗೆ ಸಂಜೆಯಾಗಿರುವ ಖಂಡಾಂತರದ ಆಟಗಾರರಿಗೆ ಬಾಡಿಗೆ ಕೊಡೋಣವೆಂದರೆ ಮತ್ತೆ ಆ 200 ಮಿಲಿಸೆಕೆಂಡ್ ಅಡ್ಡ ಬರುತ್ತದೆ. ಅವಸರವಿಲ್ಲದ ಲೆಕ್ಕಾಚಾರದ ಕೆಲಸವನ್ನು ಜಗತ್ತಿನ ಯಾವ ಮೂಲೆಗಾದರೂ ಕಳಿಸಬಹುದು, ಆಟವನ್ನು ಕಳಿಸಲಾಗದು. ಕ್ಲೌಡ್ ಗೇಮಿಂಗ್‌ನ ಕಷ್ಟದ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಬೆಳಕಿನ ವೇಗ ಆಟದ ಅನುಭವವನ್ನು ಕೆಡಿಸಿದ್ದಕ್ಕಿಂತ ಲೆಕ್ಕಪತ್ರವನ್ನು ಕೆಡಿಸಿದ್ದೇ ಹೆಚ್ಚು.

ಸ್ಟೇಡಿಯಾ ಇದರ ಮೇಲೆ ತನ್ನದೇ ತಪ್ಪುಗಳನ್ನೂ ಪೇರಿಸಿತು. ತಿಂಗಳಿಗೆ 9.99 ಡಾಲರ್ ಚಂದಾ ಕಟ್ಟಿದರೂ ಹೆಚ್ಚಿನ ಹೊಸ ಆಟಗಳನ್ನು ಪೂರ್ಣ ಬೆಲೆಗೇ ಕೊಳ್ಳಬೇಕಿತ್ತು, ಕೊಂಡದ್ದು ಬೇರೆಲ್ಲೂ ಓಡುತ್ತಿರಲಿಲ್ಲ. ಸೇವೆಗಳನ್ನು ನಡುವೆಯೇ ನಿಲ್ಲಿಸುವ ಗೂಗಲ್‌ನ ಚಾಳಿ ತಿಳಿದ ಆಟಗಾರರು ಜೇಬಿಗೆ ಕೈ ಹಾಕಲು ಹಿಂಜರಿದರು. ಸ್ಟೇಡಿಯಾದ ಯಂತ್ರಗಳು ಲಿನಕ್ಸ್ ಎಂಬ ಬೇರೆಯೇ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುತ್ತಿದ್ದುದರಿಂದ ವಿಂಡೋಸ್‌ಗಾಗಿ ಬರೆದ ಆಟಗಳನ್ನು ಹೊಂದಿಸುವ ಕೆಲಸ ತಯಾರಕರ ತಲೆಗೆ ಬಿತ್ತು. ಆಡುವವರು ಕಡಿಮೆಯೆಂದು ಆಟಗಳು ಬರಲಿಲ್ಲ, ಆಟಗಳಿಲ್ಲವೆಂದು ಆಡುವವರು ಬರಲಿಲ್ಲ.

ಒಂದು ಒಳ್ಳೆಯ ಅವಕಾಶ ಮಾತ್ರ ತಾನಾಗಿ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಬಿಡುಗಡೆಯಾದಾಗ ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಮುಗ್ಗರಿಸಿತೆಂದರೆ ಪ್ಲೇಸ್ಟೇಷನ್ ಕನ್ಸೋಲ್ ತಯಾರಿಸುವ ಸೋನಿ ತನ್ನ ಅಂಗಡಿಯಿಂದಲೇ ಅದನ್ನು ತೆಗೆಯಿತು. ಸ್ಟೇಡಿಯಾದಲ್ಲಿ ಅದು ಸರಾಗವಾಗಿ ಓಡುತ್ತಿತ್ತು. ಇದಾಗಿ ಎರಡು ತಿಂಗಳು ತುಂಬುವ ಮೊದಲೇ, 2021ರ ಫೆಬ್ರುವರಿ 1ರಂದು, ಗೂಗಲ್ ತನ್ನ ಆಟ ತಯಾರಿಕೆಯ ಸ್ಟುಡಿಯೋಗಳನ್ನು ಮುಚ್ಚುವುದಾಗಿ ಹೇಳಿತು. ಹೊರಗಿನ ತಯಾರಕರಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ. ಸೇವೆಯನ್ನೇ ನಿಲ್ಲಿಸುವ ಘೋಷಣೆ 2022ರ ಸೆಪ್ಟೆಂಬರ್ 29ರಂದು ಹೊರಬಿತ್ತು.

ಉಳಿದುಕೊಂಡವರು ಬೇರೆ ಲೆಕ್ಕ ಹಿಡಿದರು. ಮೈಕ್ರೋಸಾಫ್ಟ್ ತನ್ನ ಕನ್ಸೋಲ್ ಆದ ಎಕ್ಸ್‌ಬಾಕ್ಸ್‌ನ ಯಂತ್ರಾಂಶವನ್ನೇ ದತ್ತಾಂಶ ಕೇಂದ್ರದಲ್ಲಿ ಜೋಡಿಸಿತು, ಆದ್ದರಿಂದ ಆಟಗಳನ್ನು ಮತ್ತೆ ಹೊಂದಿಸುವ ಪ್ರಮೇಯವಿಲ್ಲ. ಕ್ಲೌಡ್ ಆಟವನ್ನು ಚಂದಾದ ಒಂದು ಭಾಗವಾಗಿ ಕೊಡುತ್ತಿದೆ. ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾದ ಸೇವೆ ಜಿಫೋರ್ಸ್ ನೌ ಆಟಗಳನ್ನು ಮಾರುವುದಿಲ್ಲ, ಆಟಗಾರ ಬೇರೆ ಕಡೆ ಕೊಂಡಿರುವುದನ್ನೇ ಓಡಿಸುತ್ತದೆ. ಅಲ್ಲಿ ಉಚಿತವಾಗಿ ಆಡುವವರು ಸಾಲಿನಲ್ಲಿ ಕಾಯಬೇಕು, ಒಮ್ಮೆ ಕುಳಿತರೆ ಒಂದು ಗಂಟೆ ಮಾತ್ರ. ಹಣ ಕಟ್ಟಿದವರೂ ಈಗ ಮಿತಿಯಿಲ್ಲದೆ ಆಡುವಂತಿಲ್ಲ. 2025ರ ಜನವರಿಯಿಂದ ಹೊಸ ಚಂದಾದಾರರಿಗೆ ತಿಂಗಳಿಗೆ 100 ಗಂಟೆಯ ಮಿತಿ ಜಾರಿಗೆ ಬಂತು, ಹೆಚ್ಚು ಆಡಬೇಕೆಂದರೆ ಹೆಚ್ಚುವರಿ ಗಂಟೆಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕು.