ವಾಚಿನ ಆ ಕಪ್ಪು ಪಟ್ಟಿಯಲ್ಲಿ ಏನಿದೆ?

2014ರಲ್ಲಿ ಮೊಟೊರೊಲಾ ಕಂಪನಿ ಮೋಟೋ 360 ಅನ್ನುವ ದುಂಡಗಿನ ಸ್ಮಾರ್ಟ್‌ವಾಚ್ ಮಾರುಕಟ್ಟೆಗೆ ತಂದಿತು. ನೋಡಲು ಚಂದವಿತ್ತು. ಆದರೆ ಪರದೆಯ ಕೆಳಗಡೆ ಒಂದು ಚೂರು ಕಪ್ಪಾಗಿ, ಕತ್ತರಿಸಿದ ಹಾಗೆ ಕಾಣುತ್ತಿತ್ತು. ಗಾಳಿ ಹೋದ ಟಯರು ಅಂತ ಜನ ನಕ್ಕರು. ಆ ಕಪ್ಪು ಚೂರಿನಲ್ಲಿ ಇದ್ದದ್ದು ಬೆಳಕು ಅಳೆಯುವ ಸೆನ್ಸರ್ ಮತ್ತು ಪರದೆಯನ್ನು ನಡೆಸುವ ಸರ್ಕ್ಯೂಟು. ವಾಚ್ ಕೊಳ್ಳುವಾಗ ಪಿಕ್ಸೆಲ್ ಎಷ್ಟು, ಬಣ್ಣ ಹೇಗೆ ಅಂತ ಎಲ್ಲರೂ ಕೇಳುತ್ತೇವೆ. ನನ್ನನ್ನು ಕೇಳಿದರೆ ಸ್ವಾರಸ್ಯ ಇರುವುದು ಆ ಸರ್ಕ್ಯೂಟು ಎಲ್ಲಿ ಕೂತಿದೆ ಅನ್ನುವುದರಲ್ಲಿ.

ಶಾಲೆಯ ವಿಜ್ಞಾನ ಮೇಳಗಳಲ್ಲಿ ಮಕ್ಕಳು ಆರ್ಡುಯಿನೋ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಸಿಕ್ಕಿಸುವ 0.96 ಇಂಚಿನ ಓಎಲ್ಇಡಿ (ಚುಕ್ಕಿಗಳು ತಾವೇ ಬೆಳಗುವ) ಪರದೆಯನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಅಡ್ಡಕ್ಕೆ 128, ಕೆಳಕ್ಕೆ 64, ಒಟ್ಟು 8192 ಚುಕ್ಕಿಗಳು. ಒಂದೊಂದಕ್ಕೂ ಬೇರೆ ವಯರ್ ಎಳೆದರೆ 8192 ವಯರ್. ಅಡ್ಡಸಾಲು, ಕಂಬಸಾಲಿನ ಲೆಕ್ಕದಲ್ಲಿ ಎಳೆದರೆ 192. ಬೋರ್ಡಿಗೆ ಬರುವುದು ಮಾತ್ರ ನಾಲ್ಕೇ ನಾಲ್ಕು! ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಉಳಿದವೆಲ್ಲ ಎಲ್ಲಿ ಹೋದವು? ಗಾಜಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಡ್ಡಿಯಂಥ ಉದ್ದನೆಯ ಕಪ್ಪು ಚಿಪ್ ಒಂದು ಗಾಜಿಗೇ ಅಂಟಿಕೊಂಡಿರುತ್ತದೆ. ಹೆಚ್ಚಿನವುಗಳಲ್ಲಿ ಅದು ಎಸ್ಎಸ್‌ಡಿ1306. ತೋರಿಸಬೇಕಾದ ಚಿತ್ರವನ್ನು 1024 ಬೈಟ್‌ಗಳಲ್ಲಿ ತನ್ನೊಳಗೇ ಇಟ್ಟುಕೊಂಡು, 192 ಗೆರೆಗಳನ್ನೂ ಅದೊಂದೇ ಸಂಭಾಳಿಸುತ್ತದೆ.

ಹೇಗೆ ಅಂತ ತಿಳಿಯಲು ನಮ್ಮ ಕಾಸರಗೋಡಿನ ಕಡೆಯ ಮದುವೆ ಊಟ ಸಾಕು. ಬಡಿಸುವವರು ಒಂದು ಹಂತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಪರದೆಯಲ್ಲೂ ಹಾಗೇ, ಒಂದು ಅಡ್ಡಸಾಲು ಆದ ಮೇಲೆ ಇನ್ನೊಂದು. ಆದರೆ ಈ ಅಗ್ಗದ ಪರದೆಯಲ್ಲಿ ಕೂತವರ ಮುಂದೆ ಎಲೆಯೇ ಇಲ್ಲ. ಬಡಿಸುವವರು ಎದುರು ನಿಂತಷ್ಟು ಹೊತ್ತು ಮಾತ್ರ ಊಟ! 64 ಹಂತಿಗಳಿದ್ದರೆ ಪ್ರತಿ ಚುಕ್ಕಿ ಬೆಳಗುವುದು 64ರಲ್ಲಿ ಒಂದು ಪಾಲು ಸಮಯ. ಕಣ್ಣಿಗೆ ಮಂಕಾಗಿ ಕಾಣಬಾರದು ಅಂತಾದರೆ ಆ ಒಂದು ಗಳಿಗೆಯಲ್ಲಿ 64 ಪಟ್ಟು ಜೋರಾಗಿ ಉರಿಯಬೇಕು. ವಾಚಿನ ಪರದೆಯಲ್ಲಿ 400 ಸಾಲಿದ್ದರೆ ಈ ಆಟ ನಡೆಯುವುದಿಲ್ಲ.

ಎಲೆ ಹಾಕಿದವರು ಪೀಟರ್ ಬ್ರೋಡಿ. ಬುಡಾಪೆಸ್ಟಿನಲ್ಲಿ ಹುಟ್ಟಿದವರು, ಅಮೆರಿಕದ ವೆಸ್ಟಿಂಗ್‌ಹೌಸ್ ಪ್ರಯೋಗಾಲಯದಲ್ಲಿದ್ದರು. 1970ರ ದಶಕದ ಆರಂಭದಲ್ಲಿ ಅವರ ತಂಡ ಪ್ರತಿ ಚುಕ್ಕಿಗೂ ಒಂದು ತೆಳುಪದರದ ಟ್ರಾನ್ಸಿಸ್ಟರ್, ಅಂದರೆ ಪುಟಾಣಿ ಸ್ವಿಚ್ಚು, ಕೊಟ್ಟು ಪರದೆ ಮಾಡಿತು. ಬಡಿಸಿದ್ದು ವಿದ್ಯುತ್ತು ಹಿಡಿದಿಡುವ ಪುಟ್ಟ ಕೆಪಾಸಿಟರಿನಲ್ಲಿ ಉಳಿಯುತ್ತದೆ, ಮುಂದಿನ ಸುತ್ತು ಬರುವವರೆಗೂ ಚುಕ್ಕಿ ಅದೇ ಬಲದಲ್ಲಿ ಇರುತ್ತದೆ. ಇಷ್ಟು ದೊಡ್ಡ ಕೆಲಸವನ್ನು ಕಂಪನಿ 1979ರಲ್ಲಿ ಕೈಬಿಟ್ಟಿತು ಅಂದರೆ ನಂಬಲು ಕಷ್ಟ, ಅಲ್ವಾ? ಇವತ್ತು ನಿಮ್ಮ ಜೇಬಿನಲ್ಲಿರುವ ಫೋನು ಅದೇ ದಾರಿಯಲ್ಲಿ ಬಂದದ್ದು.

ಗಾಜಿನ ಮೇಲೆ ಟ್ರಾನ್ಸಿಸ್ಟರ್ ಮಾಡಬಹುದಾದರೆ ಬಡಿಸುವವರನ್ನೂ, ಅಂದರೆ ಪರದೆ ನಡೆಸುವ ಸರ್ಕ್ಯೂಟನ್ನೂ, ಅಲ್ಲೇ ಇಡಬಹುದಲ್ಲ? ಇಡಬಹುದು, ಆದರೆ ಒಂದು ತೊಡಕಿದೆ. ಒಳ್ಳೆಯ ಸಿಲಿಕಾನ್ ಹರಳಿಗೆ ಭಾರಿ ಬಿಸಿ ಬೇಕು, ಅಷ್ಟು ಬಿಸಿಗೆ ಗಾಜು ಮೆತ್ತಗಾಗುತ್ತದೆ. ತಣ್ಣಗೆ ಹರಡಿದ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ತೆವಳುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಲೇಸರಿನ ಒಂದೊಂದು ಮಿಂಚು ಮೇಲಿನ ಪದರವನ್ನಷ್ಟೇ ಕರಗಿಸಿ ಹರಳು ಮಾಡುತ್ತದೆ. ಮಿಂಚು ಇರುವುದೇ ನ್ಯಾನೋಸೆಕೆಂಡುಗಳ ಹೊತ್ತು, ಹಾಗಾಗಿ ಕೆಳಗಿನ ಗಾಜಿಗೆ ಬಿಸಿ ತಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಲೆಕ್ಟ್ರಾನುಗಳ ಓಟ ನೂರು ಪಟ್ಟಿನ ಆಸುಪಾಸು ಸಲೀಸಾಗುತ್ತದೆ. ಆಗ ಯಾವ ಸಾಲಿನ ಸರದಿ ಅಂತ ಹೇಳುವ ಸರ್ಕ್ಯೂಟು ಗಾಜಿನ ಅಂಚಿನಲ್ಲೇ ಅಡಗಿತು, ಪಕ್ಕದ ಕಪ್ಪು ಪಟ್ಟಿ ಸಪೂರವಾಯಿತು. ಕಂಬಸಾಲಿನ ಕೆಲಸ ಹೆಚ್ಚು ನಾಜೂಕು. ಅದಕ್ಕೆ ಇನ್ನೂ ಬೇರೆ ಚಿಪ್ ಬೇಕು. ಕೆಳಗಿನ ಅಂಚು ಸಾಮಾನ್ಯವಾಗಿ ಜಾಸ್ತಿ ದಪ್ಪ ಇರುವುದು ಇದರಿಂದಲೇ.

ಇನ್ನೊಂದು ತಲೆನೋವು ಸೋರಿಕೆ. ಹರಳು ಮಾಡಿದ ಸಿಲಿಕಾನಿನಲ್ಲಿ ಬಡಿಸಿದ್ದು ಬಾಳೆಲೆಯ ಮೇಲಿನ ಸಾರಿನ ಹಾಗೆ ಹರಿದುಹೋಗುತ್ತದೆ, ಮತ್ತೆ ಮತ್ತೆ ಬಡಿಸಬೇಕು. 2004ರಲ್ಲಿ ಜಪಾನಿನ ಹಿದೆಯೊ ಹೊಸೊನೊ ತಂಡ ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡಿನಿಂದ ಮಾಡಿದ ಟ್ರಾನ್ಸಿಸ್ಟರನ್ನು ಪ್ರಕಟಿಸಿತು. ಇದೊಂಥರ ದೊನ್ನೆ, ಸೋರುವುದು ತೀರಾ ಕಮ್ಮಿ. ಎರಡೂ ಬಗೆಯ ಟ್ರಾನ್ಸಿಸ್ಟರ್ ಸೇರಿಸಿದ ಪರದೆಯಿಂದಾಗಿ 2019ರ ಆಪಲ್ ವಾಚ್ ಸೀರೀಸ್ 5 ಸೆಕೆಂಡಿಗೆ 60 ಸಲದ ಬದಲು ಒಂದೇ ಸಲ ಚಿತ್ರ ಬದಲಿಸಿ ಸುಮ್ಮನಿರಬಲ್ಲದು. ಇಡೀ ದಿನ ಸಮಯ ತೋರಿಸಿಯೂ ಬ್ಯಾಟರಿ ಉಳಿಯುವುದು ಹೀಗೆ. ಸ್ಮಾರ್ಟ್ ಕನ್ನಡಕದೊಳಗಿನ ಪುಟ್ಟ ಪರದೆಗಳಲ್ಲಂತೂ ಗಾಜಿನ ಗೊಡವೆಯೇ ಬೇಡ ಅಂತ ಸಿಲಿಕಾನ್ ಬಿಲ್ಲೆಯ ಮೇಲೇ ಚುಕ್ಕಿಗಳನ್ನು ಕೂರಿಸುತ್ತಾರೆ.

ಈಗ ನಮ್ಮೂರಿನ ಒಂದು ನಂಬಿಕೆಗೆ ಬರೋಣ. ಮಳೆಗಾಲದಲ್ಲಿ ವಾಚು ಒದ್ದೆಯಾಗಿ ಪರದೆಯಲ್ಲಿ ಗೆರೆ ಬಂತು ಅಂದರೆ ಸೀದಾ ಅಕ್ಕಿ ಡಬ್ಬಕ್ಕೆ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಅಂತ ಚರ್ಚೆ ಬೇರೆ! ಉದ್ದದ ಗೆರೆ ಅಂದರೆ ಹೆಚ್ಚಾಗಿ ಒಂದು ಕಂಬಸಾಲಿನ ಸಂಪರ್ಕ ಹೋಗಿದೆ ಅಂತ. ಗಾಜಿಗೂ ಫ್ಲೆಕ್ಸಿಗೂ (ಪರದೆಯನ್ನು ಬೋರ್ಡಿಗೆ ಜೋಡಿಸುವ, ಬಾಗುವ ವಯರ್ ಪಟ್ಟಿ) ನಡುವೆ ಅಂಟಿನ ಪಟ್ಟಿ ಇದೆ, ಅದರಲ್ಲಿ ಕೆಲವೇ ಮೈಕ್ರಾನ್ ಗಾತ್ರದ, ಕರೆಂಟು ದಾಟಿಸುವ ಗುಂಡುಗಳಿವೆ. ಅಲ್ಲಿ ಅಂಟು ಬಿಟ್ಟರೆ, ತುಕ್ಕು ಹಿಡಿದರೆ ಯಾವ ಅಕ್ಕಿಯೂ ಜೋಡಿಸದು. ರಿಪೇರಿ ಅಂಗಡಿಯವರು ಗೆರೆಯೊಂದನ್ನೇ ತೆಗೆಯಲು ಆಗುವುದಿಲ್ಲ, ಡಿಸ್‌ಪ್ಲೇ ಪೂರ್ತಿ ಬದಲಿಸಬೇಕು ಅಂದರೆ ಅವರನ್ನು ಬೈಯಬೇಡಿ. ಚಿಪ್ಪು, ಗಾಜು, ಫ್ಲೆಕ್ಸ್ ಎಲ್ಲ ಒಂದೇ ತುಂಡಾಗಿದೆ. ಬಿಡಿಸಿ ಕೂರಿಸುವ ಯಂತ್ರ ಅವರ ಮೇಜಿನ ಮೇಲೆ ಇರುವುದಿಲ್ಲ.